ಗಾಳದ ಮೀನಿನ ನೀಲಿ ಚೀಟಿ

ಚಳಿಗಾಲ ಆಗತಾನೇ ಕಾಲಿಟ್ಟಿತ್ತು. ಐಸಿನ ಗಾಡಿ ದೋಣಿ ಕಟ್ಟುವ ದಕ್ಕೆಗೆ ಬಂದು ನಿಲ್ಲುವ ನಸುಕಿನ ಹೊತ್ತು. ಅದು ಶುರುವಾದದ್ದು ಆಗ. ಮೀನು ಪ್ಯಾಕ್ ಮಾಡುವ ಕೊಠಡಿಯ ಮೇಸ್ತ್ರಿ ನೀಲಿ ಚೀಟಿಗಳ ಸುರುಳಿಯೊಂದನ್ನು ನನ್ನ ಮೇಜಿನ ಮೇಲಿಟ್ಟು, "ದೊಡ್ಡಮ್ಮ, ಇನ್ಮೇಲೆ ಗಾಳದ ಮೀನಿಗೆ ಇದನ್ನ ಅಂಟಿಸು. ಬಲೆ ಮೀನಿಗೆ ಅಪ್ಪಿತಪ್ಪಿಯೂ ಬೇಡ," ಎಂದ.

ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಮೀನು ನಾರಲು ಶುರುವಾಗುತ್ತದೆ. ಪಕ್ಕದ ಮೇಜಿನವಳೇ ಓದಿ ಹೇಳಿದಳು. ಒಂದೊಂದಾಗಿ ಗಾಳದಲ್ಲಿ ಹಿಡಿದದ್ದು, ಕಡಲಿನ ತಳ ಕೆರೆದಿಲ್ಲ, ಮರಿಗಳನ್ನು ಬಾಚಿಲ್ಲ ಎಂದು ಬರೆದಿತ್ತಂತೆ. ಕೆಳಗೆ ಯಾವ ದೋಣಿಯದು ಎಂಬ ಗುರುತು. ದೂರದ ಅಂಗಡಿಗಳಲ್ಲಿ ಜನ ಈ ಚೀಟಿ ಹುಡುಕಿ, ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಾರಂತೆ.

ನನ್ನ ತಮ್ಮನದು ಗಾಳದ ದೋಣಿ. ಅದನ್ನು ಮಾರಿ ಊರು ಬಿಡುವ ಮಾತು ಮನೆಯಲ್ಲಿ ನಡೆದಿತ್ತು. ಚೀಟಿ ಬಂದ ಮೇಲೆ ಆ ಮಾತು ನಿಂತಿತು. ಅವನ ಹೆಂಡತಿ, ನನ್ನ ನಾದಿನಿ, ದೋಣಿಗೆ ಬಣ್ಣ ಬಳಿದಳು.

"ಅಕ್ಕಾ, ನನ್ನ ಮೀನಿಗೂ ಒಂದು ಹೆಸರು ಬಂತು ನೋಡು," ಎಂದು ತಮ್ಮ ಹಲ್ಲು ಕಿರಿದ.

"ಮೀನಿಗೆ ಬಂತು. ನಿನಗೆ ಯಾವಾಗಲೋ?" ಎಂದೆ.

ಕೊಠಡಿಯವರು ಅರ್ಧ ಬುಟ್ಟಿ ಮುಟ್ಟುವುದಿಲ್ಲ. ತುಂಬಿದ ಬುಟ್ಟಿಯೇ ಆಗಬೇಕು. ನನಗೆ ಹಾಲುಹಲ್ಲು ಬೀಳುತ್ತಿದ್ದ ಕಾಲದಿಂದಲೂ ಹೀಗೆಯೇ. ಅದಕ್ಕೇ ದಕ್ಕೆಯಲ್ಲಿ ಇನ್ನೊಂದು ರೂಢಿ ಬೆಳೆದಿತ್ತು. ಯಾರ ಬುಟ್ಟಿ ತುಂಬಿಲ್ಲವೋ ಅದಕ್ಕೆ ಪಕ್ಕದ ದೋಣಿಯವನು ತನ್ನ ಮೀನಿನಲ್ಲಿ ನಾಲ್ಕು ಬೊಗಸೆ ಸುರಿದು ಮುಂದೆ ಹೋಗುತ್ತಾನೆ. ಇವನು ಕೇಳುವುದಿಲ್ಲ, ಅವನು ಹೇಳುವುದಿಲ್ಲ. ನಮ್ಮಪ್ಪನ ಕೈ ಮುರಿದ ವರ್ಷ ನಾವು ಹಸಿದು ಮಲಗಲಿಲ್ಲವೆಂದರೆ ಅದರಿಂದಲೇ.

ತಮ್ಮನ ಪಕ್ಕಕ್ಕೆ ದೋಣಿ ಕಟ್ಟುತ್ತಿದ್ದವನು ಬಲೆಯ ದೋಣಿಯವನು. ಅವನು ಮಾತಾಡಿದರೆ ಐಸು ಕರಗುತ್ತದೆ ಎಂದು ಆಡಿಕೊಳ್ಳುವಷ್ಟು ದೊಡ್ಡ ಗಂಟಲು. ಎಲ್ಲರೂ ಗುಡುಗು ಎಂದೇ ಕರೆಯುತ್ತಿದ್ದರು. ಚಳಿ ಬಲಿತು ಮೀನು ಆಳಕ್ಕೆ ಇಳಿದಾಗ ತಮ್ಮನ ಬುಟ್ಟಿ ಅರ್ಧಕ್ಕೆ ನಿಲ್ಲತೊಡಗಿತು. ಗುಡುಗು ಎಂದಿನಂತೆ ಸುರಿದ. ತಮ್ಮ ಎಂದಿನಂತೆ ಹೊತ್ತು ತಂದ. ನಾನು ಚೀಟಿ ಅಂಟಿಸಿದೆ. ಸುರಿದದ್ದು ದಕ್ಕೆಗೆಲ್ಲ ಕಾಣುತ್ತಿತ್ತು. ಆದರೆ ಅದು ಬಲೆಯ ಮೀನು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಬುಟ್ಟಿಗೆ ಬಿದ್ದ ಮೇಲೆ ಅದು ಬುಟ್ಟಿಯವನ ಮೀನು. ನಮಗೆ ಗೊತ್ತಿದ್ದದ್ದು ಅಷ್ಟೇ.

ಒಂದು ಬೆಳಿಗ್ಗೆ ಚೀಟಿ ಕೊಡುವವರ ಕಡೆಯಿಂದ ತಪಾಸಣೆಗೆ ಒಬ್ಬಳು ಹೆಂಗಸು ಬಂದಳು. ಕೈಗವಸು ಹಾಕಿಕೊಂಡು ಮೀನಿನ ಬಾಯಿ ಬಿಡಿಸಿ ಬಿಡಿಸಿ ನೋಡಿದಳು.

"ಇದರ ಬಾಯಲ್ಲಿ ಗಾಳದ ಗಾಯ ಎಲ್ಲಿ?"

ತಮ್ಮ ಬಗ್ಗಿ ನೋಡಿದ. "ಅದು ಗುಡುಗಣ್ಣ ಹಾಕಿದ್ದಿರಬೇಕು, ಮೇಡಂ."

"ಅಂದ್ರೆ ಬಲೆ ಮೀನು."

"ಅಲ್ಲ ಮೇಡಂ. ಕೊಟ್ಟಿದ್ದು."

ಅವಳು ಕೂಗಾಡಿದ್ದರೆ ವಾಸಿಯಿತ್ತು. ಮೆಲ್ಲಗೆ ಹೇಳಿದಳು, "ಅಂಗಡೀಲಿ ಯಾರೋ ತಾಯಿ ಈ ಚೀಟಿ ನಂಬಿ ಮಕ್ಕಳಿಗೆ ಅಂತ ತಗೊಂಡು ಹೋಗ್ತಾಳೆ. ಅವಳಿಗೆ ನಾನೇನು ಹೇಳಲಿ?"

ಅವಳ ಮಾತು ಸುಳ್ಳಲ್ಲವಲ್ಲ. ಈ ಸಲ ಬಿಡುತ್ತೇನೆ, ಇನ್ನು ಮುಂದೆ ಬೇರೆಯವರ ಒಂದು ಮೀನು ಬಿದ್ದರೂ ಚೀಟಿ ಹೋಗುತ್ತದೆ, ಮಾತು ಕೊಡಿ ಎಂದಳು. ತಮ್ಮ ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಿದ. ಆಮೇಲೆ "ಕೊಟ್ಟೆ" ಎಂದ.

ಮಾರನೆಯ ದಿನ ಗುಡುಗು, "ಏನೋ, ನಿನ್ನ ಬುಟ್ಟೀದು ಇವತ್ತೂ ಅರೆಹೊಟ್ಟೆಯೇನೋ!" ಎನ್ನುತ್ತ ಬೊಗಸೆ ತುಂಬಿಕೊಂಡು ಬಂದ. ತಮ್ಮ ಬುಟ್ಟಿಯ ಮೇಲೆ ಅಂಗೈ ಅಡ್ಡ ಹಿಡಿದ.

"ಬೇಡ ಅಣ್ಣ. ಚೀಟಿ ಹೋಗುತ್ತೆ."

ತಮಾಷೆ ಎಂದುಕೊಂಡು ಗುಡುಗು ನಕ್ಕ. ತಮ್ಮನ ಕೈ ಸರಿಯದಿದ್ದುದನ್ನು ಕಂಡು ನಗು ನಿಲ್ಲಿಸಿದ. ಬೊಗಸೆಯ ಮೀನನ್ನು ತನ್ನ ಬುಟ್ಟಿಗೇ ವಾಪಸ್ ಹಾಕಿಕೊಂಡ. ಅವನ ಗಂಟಲು ಅಷ್ಟು ತಗ್ಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. "ನಿಂದು ಮಡಿ, ನಂದು ಮೈಲಿಗೆ. ಆಗಲಪ್ಪ."

ಆಮೇಲೆ ತಮ್ಮನ ಬುಟ್ಟಿ ಕೊಠಡಿಯ ಬಾಗಿಲಿನಿಂದ ವಾಪಸ್ ಬರತೊಡಗಿತು. ಚೀಟಿ ಇತ್ತು, ಅಂಟಿಸಲು ಮೀನಿರಲಿಲ್ಲ. ನಾದಿನಿ ಅರ್ಧ ಬುಟ್ಟಿ ಹೊತ್ತು ಮನೆ ಮನೆ ಅಲೆದಳು. ಬಿಸಿಲೇರಿ ಕಣ್ಣು ಮಂಕಾದ ಮೀನು ಯಾರಿಗೆ ಬೇಕು?

"ಆ ಚೀಟಿ ಅತ್ಲಾಗೆ ಎಸೆದು ಗುಡುಗಿನ ಹತ್ರ ಹೋಗಿ ಮಾತಾಡೋ," ಎಂದೆ ನಾನು.

ಹೋದ. ಆ ದಿನ ಗುಡುಗಿನ ಬಲೆ ಹರಿದು ಅವನ ಬುಟ್ಟಿಯೂ ತುಂಬಿರಲಿಲ್ಲ. ತನ್ನಲ್ಲಿದ್ದ ಮೀನನ್ನೇ ಅವನ ಬುಟ್ಟಿಗೆ ಹಾಕಲೆಂದು ತಮ್ಮ ಬೊಗಸೆಯಲ್ಲಿ ಹಿಡಿದು ಹೋಗಿದ್ದನಂತೆ. ಹಾಗೇ ಹಿಡಿದುಕೊಂಡು ಮನೆಗೆ ಬಂದ.

"ಅವನೂ ಕೈ ಅಡ್ಡ ಹಿಡಿದ, ಅಕ್ಕಾ."

ಮೀನನ್ನು ಬೋಸಿಯಲ್ಲಿಟ್ಟ. ಒಬ್ಬರೂ ಅದನ್ನು ಹೆಚ್ಚಲು ಏಳಲಿಲ್ಲ.

ಇವರಿಬ್ಬರದನ್ನು ನೋಡಿ ಉಳಿದವರೂ ಬುಟ್ಟಿಗೆ ಒದ್ದೆ ಗೋಣಿ ಮುಚ್ಚಿಕೊಂಡೇ ದಡಕ್ಕೆ ಇಳಿಯಲು ಕಲಿತರು. ಒಬ್ಬರ ಬುಟ್ಟಿ ಇನ್ನೊಬ್ಬರಿಗೆ ಕಾಣದಂತಾಯಿತು.

ತಮ್ಮ ಕಡೆಗೂ ದೋಣಿ ಮಾರಿದ. ಕೊಂಡವನು ಮೊದಲು ಕೇಳಿದ್ದು ಚೀಟಿ ಜೊತೆಗೆ ಬರುತ್ತದೆಯೇ ಎಂದು. ನಾದಿನಿಯ ಅಣ್ಣ ಯಾವುದೋ ಊರಿನ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ ನೋಡಿಟ್ಟಿದ್ದ. ಗಂಡ ಹೆಂಡತಿ ಎರಡು ಗಂಟು ಹಿಡಿದು ದಕ್ಕೆಯ ಮೇಲಿಂದಲೇ ಬಸ್ಸಿಗೆ ನಡೆದರು. ಗುಡುಗು ಬಲೆ ಹೊಲಿಯುತ್ತ ಕುಳಿತಿದ್ದ. ಅವನು ತಲೆ ಎತ್ತಲಿಲ್ಲ, ತಮ್ಮನೂ ನಿಲ್ಲಲಿಲ್ಲ.