ಹೊಟ್ಟೆಗೆ ಕಟ್ಟಿದ ಬೆಲ್ಟು

ಎರಡು ಸಲ ಬಸಿರು ಕೈತಪ್ಪಿದ ಮೇಲೆ ಮೂರನೆಯದು ನಿಂತಾಗ ಆ ಮನೆಯವರಿಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಮಗ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಮನೆ ಕಾಣುವವನು. ಹೆಂಡತಿಗೆಂದು ಅವನು ಎಲ್ಲಿಂದಲೋ ಒಂದು ಬೆಲ್ಟು ತಂದ. ಬಸುರಿಯರು ಹೊಟ್ಟೆಗೆ ಕಟ್ಟಿಕೊಳ್ಳುವಂಥದ್ದು. ಮೆತ್ತನೆಯ ಪಟ್ಟಿ, ನಡುವೆ ಒಂದು ಕರಿಯ ಬಿಲ್ಲೆ. ಕೂಸು ಒದ್ದರೆ ಬಿಲ್ಲೆಗೆ ತಿಳಿಯುತ್ತದೆ. ಅದರೊಳಗಿನ ಸಿಮ್ಮು ಮನೆಯಲ್ಲಿರುವ ಅತ್ತೆಯ ಫೋನಿಗೆ ಸುದ್ದಿ ಮುಟ್ಟಿಸುತ್ತದೆ. ಒಂದೊಂದು ಒದೆಗೂ ಪರದೆಯ ಮೇಲೆ ಒಂದೊಂದು ಪುಟ್ಟ ಪಾದ ಮೂಡುತ್ತದೆ.

"ಅಮ್ಮಾ, ನೀನೇ ಕಾವಲು" ಎಂದು ಹೇಳಿ ಮಗ ಲಾರಿ ಹತ್ತಿದ.

ಕಾವಲಿಗೆ ಕೂತ ಅತ್ತೆ ಮತ್ತೆ ಏಳಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಅವಳ ಕಣ್ಣು ಫೋನಿನ ಮೇಲೆಯೇ. ಮೆಟ್ಟಿಲಲ್ಲಿ ಎದುರಾದ ನೆರೆಯವರನ್ನೆಲ್ಲ ನಿಲ್ಲಿಸಿ ತೋರಿಸುವಳು. "ನೋಡಿ, ನಮ್ಮ ಕೂಸು ಹುಟ್ಟೋಕೆ ಮೊದಲೇ ನಡೆಯೋದು ಕಲೀತು!"

ಸೊಸೆಗೆ ಲಾಂಡ್ರಿಯಲ್ಲಿ ಕೆಲಸ. ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಒಗೆಯಲು ಅಲ್ಲಿಗೆ ಬರುತ್ತಿತ್ತು. ಇಸ್ತ್ರಿಯ ಬಿಸಿ ಬಸುರಿಗೆ ಆಗದೆಂದು ಮೇಸ್ತ್ರಿ ಅವಳನ್ನು ಬಟ್ಟೆ ಮಡಿಸುವ ಮೇಜಿಗೆ ಹಾಕಿದ್ದ. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು. ಆ ಮೇಜಿಗೆ ಅಂಟಿದ ಹಾಗೆಯೇ ಬಟ್ಟೆ ಹಿಂಡುವ ದೊಡ್ಡ ಡ್ರಮ್ಮು ಇತ್ತು. ಅದು ವೇಗ ಹಿಡಿದರೆ ಮೇಜಿನ ಮೇಲಿಟ್ಟ ಚಹಾ ಲೋಟ ತಾನಾಗಿ ಅಂಚಿನತ್ತ ಸರಿಯುತ್ತಿತ್ತು. ಅಗಲದ ಚಾದರದ ಆಚೆ ಮೂಲೆ ಕೈಗೆಟುಕಬೇಕಾದರೆ ಹೊಟ್ಟೆಯನ್ನು ಮೇಜಿಗೆ ಒತ್ತಿ ನಿಲ್ಲಲೇಬೇಕು. ಅವಳು ಹಾಗೆಯೇ ನಿಲ್ಲುತ್ತಿದ್ದಳು.

ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಸೊಸೆ ಚಪ್ಪಲಿ ಮೆಟ್ಟುತ್ತ ನಿಂತುಬಿಟ್ಟಳು.

"ಅತ್ತೆ, ನಿನ್ನೆಯಿಂದ ಯಾಕೋ ಕೂಸು ಅಲುಗಾಡಿದ ಹಾಗೇ ಇಲ್ಲ."

ಅತ್ತೆ ಫೋನನ್ನು ಅವಳ ಮೂಗಿನ ಮುಂದೆ ಹಿಡಿದಳು. ಹಿಂದಿನ ಹಗಲಿನ ಪಾದಗಳು ಇರುವೆಸಾಲಿನ ಹಾಗೆ ತುಂಬಿದ್ದವು. "ಇದೇನೇ ಮತ್ತೆ? ಹಗಲೆಲ್ಲ ಕುಣಿದಿದೆ."

"ಮನೆಗೆ ಬಂದಮೇಲೆ ಒಂದೂ ಇಲ್ಲವಲ್ಲ."

"ನಿನ್ನ ಜೊತೆ ಡ್ಯೂಟಿ ಮಾಡಿ ದಣಿದಿರುತ್ತೆ, ಪಾಪ. ಥೇಟ್ ಅವರಪ್ಪನೇ. ಮನೆಗೆ ಬಂದರೆ ಗೊರಕೆ!"

ಸೊಸೆಗೂ ನಗು ಬಂತು. ಹಿಂದಿನ ಸಲ ಎಲ್ಲ ಸರಿಯಾಗಿದೆ ಎಂದು ಅವಳ ಮೈ ಹೇಳುತ್ತಿದ್ದಾಗಲೇ ಬಸಿರು ಹೋಗಿತ್ತು. ಅಂದಿನಿಂದ ಮೈಯ ಮಾತನ್ನು ನಂಬುವುದನ್ನೇ ಅವಳು ಬಿಟ್ಟಿದ್ದಳು. ಆಸ್ಪತ್ರೆಗೆ ಹೋಗಿ ಬರಲೇ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಕೆಲಸಕ್ಕೆ ಹೋದಳು.

ಲಾಂಡ್ರಿಯಲ್ಲಿ ಆ ದಿನ ಸೆಕೆ ಹೆಚ್ಚಿತ್ತು. ಬೆಲ್ಟಿನ ಅಡಿಯಲ್ಲಿ ಬೆವರು ಕೂತು ಕಡಿಯತೊಡಗಿತು. ಮೇಜಿನ ಆಚೆ ಬದಿ ಚಾದರ ಹಿಡಿಯುವವಳು ಗುಂಡಕ್ಕ, ಮೂರು ಹೆತ್ತವಳು. ಅವಳು ನೋಡಿ ನೋಡಿ ಸಾಕಾಗಿ ಗದರಿದಳು.

"ಬಿಚ್ಚಿಡೇ ತಾಯಿ ಸ್ವಲ್ಪ ಹೊತ್ತು. ಮೈಯೆಲ್ಲ ಬೊಕ್ಕೆ ಎದ್ದಿದೆ. ಕೂಸೇನು ಓಡಿಹೋಗುತ್ತಾ?"

"ಅತ್ತೆ ಬೈತಾರೆ ಅಕ್ಕ."

"ಬೈಯಲಿ ಬಿಡು. ಬೈದರೆ ಬೊಕ್ಕೆ ಏಳಲ್ಲ."

ಸೊಸೆ ಬೆಲ್ಟು ಬಿಚ್ಚಿ, ಮೇಜಿನ ಮೇಲೆ ಮಡಿಸಿಟ್ಟ ಚಾದರಗಳ ಅಟ್ಟಿಯ ಮೇಲಿಟ್ಟಳು. ಹೊಟ್ಟೆಗೆ ಗಾಳಿ ತಾಗಿ ಹಾಯೆನಿಸಿತು. ಡ್ರಮ್ಮು ವೇಗ ಹಿಡಿಯಿತು. ಇಬ್ಬರೂ ಇನ್ನೊಂದಷ್ಟು ಚಾದರ ಮಡಿಸುವಷ್ಟರಲ್ಲಿ ಅತ್ತೆಯ ಫೋನು ಬಂತು.

"ಏನೇ, ಏನು ತಿಂದೆ ಇವತ್ತು? ಒಂದೇ ಸಮ ಒದೀತಾ ಇದೆ! ಬೆಳಿಗ್ಗೆ ಬೆಳಿಗ್ಗೆ ನನ್ನ ಜೀವ ಬಾಯಿಗೆ ತಂದೆಯಲ್ಲೇ. ನೋಡು, ಇನ್ನೊಂದು! ಅಬ್ಬಬ್ಬಾ, ಮತ್ತೊಂದು!"

ಸೊಸೆ ಚಾದರಗಳ ಕಡೆ ತಿರುಗಿ ನೋಡಿದಳು. ಬಿಳಿಯ ಅಟ್ಟಿ ಸಣ್ಣಗೆ ಅದುರುತ್ತಿತ್ತು. ಅದರ ಮೇಲೆ ಬಿಲ್ಲೆಯೂ ಅದುರುತ್ತಿತ್ತು.

"ಅತ್ತೆ, ಈಗಲೂ ಒದೀತಿದೆಯಾ?"

"ಈಗಲೂ ಕಣೇ! ನಿನಗೆ ಗೊತ್ತಾಗ್ತಿಲ್ವಾ?"

ಸೊಸೆ ಫೋನನ್ನು ಕಿವಿಯಿಂದ ಇಳಿಸಿದಳು. ಅವಳ ಕಣ್ಣು ಹೋದ ಕಡೆಗೆ ಗುಂಡಕ್ಕನ ಕಣ್ಣೂ ಹೋಯಿತು. ಗುಂಡಕ್ಕ ಅಂಗೈಯನ್ನು ಮೇಜಿಗೆ ಒತ್ತಿ ಹಿಡಿದು, ಬಿಸಿ ತಾಗಿದವಳ ಹಾಗೆ ಎತ್ತಿಕೊಂಡಳು.

"ನಡಿ" ಎಂದಳು. "ಇರೋದೆಲ್ಲ ಬಿಟ್ಟು ನಡಿ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆಗೆ ತಣ್ಣನೆಯ ಜೆಲ್ಲು ಸವರಿ ಸ್ಕ್ಯಾನ್ ಮಾಡಿದರು. ಸ್ವಲ್ಪ ಹೊತ್ತಿಗೆ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಇನ್ನೊಬ್ಬ ಡಾಕ್ಟರನ್ನು ಕರೆಸಿದರು. ಅವರೂ ನೋಡಿದರು.

"ಎದೆಬಡಿತ ಸಿಗ್ತಾ ಇಲ್ಲಮ್ಮ. ಒಂದೆರಡು ದಿನ ಆಗಿರಬಹುದು."

"ನಾನು ನಿನ್ನೆಯೇ ಬಂದಿದ್ದರೆ?"

ಡಾಕ್ಟರಮ್ಮ ಹತ್ತಿ ತೆಗೆದುಕೊಂಡು ಜೆಲ್ಲನ್ನು ಒರೆಸತೊಡಗಿದರು.

ಗುಂಡಕ್ಕ ಹೇಳಿಕಳಿಸಿದ್ದಕ್ಕೆ ಅತ್ತೆ ಓಡೋಡಿ ಬಂದಳು. ಸುದ್ದಿ ಬಾಗಿಲಲ್ಲೇ ಕಿವಿಗೆ ಬಿದ್ದಿತ್ತು, ಆದರೆ ಒಳಗೆ ಬಂದವಳ ಮುಖದಲ್ಲಿ ಅಳುವಿರಲಿಲ್ಲ, ಕೋಪವಿತ್ತು.

"ಡಾಕ್ಟರಮ್ಮಾ, ನಿಮ್ಮ ಯಂತ್ರ ಕೆಟ್ಟಿರಬೇಕು, ಇನ್ನೊಂದು ಸಲ ನೋಡಿ. ಈಗ, ಈ ಗಳಿಗೆಯಲ್ಲಿ ಒದೀತಾ ಇದೆ. ದಾರಿಯುದ್ದ ನೋಡ್ಕೊಂಡೇ ಬಂದೆ ನಾನು." ಫೋನು ಎತ್ತಿ ಹಿಡಿದಳು. ಎಲ್ಲರೂ ನೋಡುತ್ತಿರುವಂತೆಯೇ ಒಂದು ಪಾದ ಮೂಡಿತು.

ಡಾಕ್ಟರಮ್ಮ ಸೊಸೆಯ ಮುಖ ನೋಡಿದರು. ಹೇಳಬೇಕಾದವಳು ಅವಳೇ ಆದಳು.

"ಅತ್ತೆ, ಬೆಲ್ಟು ಲಾಂಡ್ರಿಯಲ್ಲೇ ಉಳೀತು. ಚಾದರದ ಮೇಲೆ ಇಟ್ಟಿದ್ದೆ."

"ಹಾಗಾದರೆ ಇದ್ಯಾರೇ ಒದೀತಿರೋದು?"

"ಮೇಜು ಅತ್ತೆ. ಮೇಜು ನಡುಗೋದು ಅದು. ನಿನ್ನೆಯದೂ ಅದೇ ಇರಬೇಕು."

ಅತ್ತೆ ಫೋನನ್ನು ಮಂಚದ ಮೇಲೆ ಬಿಟ್ಟಳು. ಹೊದಿಕೆ ಸರಿಸಿ, ಬೊಕ್ಕೆ ಎದ್ದ ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟಳು. ಎಂಟು ತಿಂಗಳಲ್ಲಿ ಅವಳು ಕೈಯಿಟ್ಟು ನೋಡಿದ್ದು ಅದೇ ಮೊದಲು. ಒಂದು ಕಡೆ ಒತ್ತಿ ಕಾದಳು. ಜಾಗ ಬದಲಿಸಿ ಮತ್ತೆ ಕಾದಳು. ನರ್ಸು ಡ್ರಿಪ್ಪಿನ ಬಾಟಲಿ ಹಿಡಿದು ಬಂದು ಪಕ್ಕದಲ್ಲಿ ನಿಂತಳು.

ಕೊನೆಗೆ ಸೊಸೆಯೇ ಆ ಕೈಗಳನ್ನು ಮೆಲ್ಲಗೆ ಹಿಡಿದುಕೊಂಡಳು.

"ಕೈ ತೆಗೀರಿ ಅತ್ತೆ. ನೋವು ಬರಿಸಿ ಹೆರಿಗೆ ಮಾಡಿಸಬೇಕಂತೆ."