ಕಂಡೂ ಕಾಣದ ಹಾಗೆ

ಗಾಲಿಕುರ್ಚಿಯ ಚಕ್ರಕ್ಕೆ ಕಾಲು ಅಡ್ಡ ಕೊಟ್ಟು ಅವಳು ನಿಂತುಬಿಟ್ಟಳು.

"ಮುಂದೆ ಜಾಗ ಇಲ್ಲ."

ಹದಿನಾರು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಕೂಗಿದ ಗಂಟಲು. ಚರ್ಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೊದಲ ಸಾಲಿನ ಬೆಂಚು ಪೂರ್ತಿ ಖಾಲಿಯಿತ್ತು. ಅದರೆದುರಿನ ಪೆಟ್ಟಿಗೆಯಲ್ಲಿ ಅವಳ ಅಮ್ಮ ಮಲಗಿದ್ದಳು.

ಕುರ್ಚಿ ತಳ್ಳುತ್ತಿದ್ದ ಅಣ್ಣ ದನಿ ತಗ್ಗಿಸಿ, "ಇವತ್ತೊಂದು ದಿನ ಬಿಡೇ" ಎಂದ.

"ಅಪ್ಪನ್ನ ಕಿತ್ಕೊಂಡೋಳು ಅಮ್ಮನ ತಲೆ ಹತ್ರ ಕೂರ್ಬೇಕಾ? ಬಾಗಿಲ ಹತ್ರ ಇರ್ಲಿ. ಇಲ್ಲಾಂದ್ರೆ ನಾನು ಹೊರಟೆ."

ಕುರ್ಚಿಯಲ್ಲಿದ್ದ ಹೆಂಗಸು ತಲೆ ಎತ್ತಲಿಲ್ಲ. ಬಲಗೈ ಮಡಿಲಲ್ಲಿ ಸತ್ತಂತೆ ಬಿದ್ದಿತ್ತು. "ಹಿಂದೇನೇ... ಸಾಕು" ಎಂದಳು, ಸೊಟ್ಟ ಬಾಯಲ್ಲಿ ಮಾತು ಕಟ್ಟಿಕೊಳ್ಳುತ್ತ.

ಅಣ್ಣ ಹಲ್ಲು ಕಚ್ಚಿಕೊಂಡು ಕುರ್ಚಿಯನ್ನು ಹಿಂದಕ್ಕೆಳೆದ.

* * *

ಅಮ್ಮ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ. ಗಂಡ ಇನ್ನೊಬ್ಬಳ ಮನೆ ಸೇರಿ ಅಲ್ಲೇ ತೀರಿಕೊಂಡ ಮೇಲೂ, ರೋಗಿಗಳ ಚಾದರ ಬದಲಿಸುತ್ತಲೇ ಇಬ್ಬರು ಮಕ್ಕಳನ್ನು ದಡ ಮುಟ್ಟಿಸಿದವಳು. ಒಂಬತ್ತು ವರ್ಷದ ಹಿಂದೆ ಆ ಇನ್ನೊಬ್ಬಳೇ ಲಕ್ವ ಹೊಡೆದು ಅವಳ ವಾರ್ಡಿಗೆ ಬಂದಳು. ಬಿಡುಗಡೆಯ ದಿನ ಕರೆದೊಯ್ಯಲು ನರಪಿಳ್ಳೆ ಬರಲಿಲ್ಲ. ಅಮ್ಮ ಮನೆಗೇ ಕರೆತಂದಳು.

"ಚಿಕ್ಕಮ್ಮ ಅನ್ನು" ಎಂದಳು ಮಗಳಿಗೆ.

"ಯಾವ ಚಿಕ್ಕಮ್ಮ? ನಿನ್ನ ತಂಗಿಯೋ, ನಿನ್ನ ಸವತಿಯೋ?"

"ಎರಡಕ್ಕೂ ಒಂದೇ ಪದ ಇದೆಯಲ್ಲ, ನನ್ನ ಕೆಲಸ ಸುಲಭ ಆಯ್ತು."

ಮಗಳು ನಗಲಿಲ್ಲ. ಚೀಲಕ್ಕೆ ಬಟ್ಟೆ ತುರುಕತೊಡಗಿದಳು. "ನಿಂಗೆ ಎಲ್ರ ಹತ್ರ ದೇವತೆ ಅನ್ನಿಸ್ಕೋಬೇಕು, ಅಷ್ಟೇ."

ಅಮ್ಮನ ನಗು ಆರಿತು. "ದೇವತೆಯಂತೆ! ಕೇಳಿಲ್ಲಿ. ಅವಳು ಬಂದ ದಿನ ಹಾಸಿಗೆ ಒದ್ದೆ ಮಾಡ್ಕೊಂಡಿದ್ಲು. ಕಂಡೂ ಕಾಣದ ಹಾಗೆ ಹೋದೆ. ಎಂಟು ಗಂಟೆ ಹೊತ್ತು ಅದ್ರಲ್ಲೇ ಬಿದ್ದಿದ್ಲು. ನಂಗೆ ಖುಷಿ ಆಗ್ತಿತ್ತು ಕಣೇ. ಡ್ಯೂಟಿ ಮುಗಿದ್ಮೇಲೆ ಬಟ್ಟೆ ಇಡೋ ಕೋಣೇಲಿ ಕೂತೆ. ಪ್ರಾರ್ಥನೆಗೆ ಬಾಯೇ ಬರ್ಲಿಲ್ಲ, ಯಾವ ಮುಖ ಇಟ್ಕೊಂಡು ಮಾಡ್ಲಿ? ಆಗ... ಹೇಗೆ ಹೇಳ್ಲಿ, ಯಾರೋ ಪಕ್ಕದಲ್ಲಿ ಬಂದು ಕೂತ ಹಾಗಾಯ್ತು. ಬೈಲಿಲ್ಲ. ನನ್ನ ಕೊಳಕೆಲ್ಲ ಗೊತ್ತಿದ್ದೂ ಎದ್ದು ಹೋಗ್ಲಿಲ್ಲ. ಯೇಸು ಪ್ರೀತಿಸ್ತಾನೆ ಅಂತ ಅಲ್ಲೀತನಕ ಬರೀ ಹಾಡ್ತಿದ್ದೆ. ಅತ್ತು ಅತ್ತು ಸಾಕಾಗಿ ಎದ್ದೆ, ಒಂದು ಒಣ ಚಾದರ ತಗೊಂಡು ಅವಳ ಹತ್ರ ಹೋದೆ."

"ನಂಗೆ ಅಂಥದ್ದೇನೂ ಆಗಿಲ್ಲ" ಎಂದು ಮಗಳು ಚೀಲದ ಜಿಪ್ ಎಳೆದಳು.

ಆಮೇಲೆ ಅವಳು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಮ್ಮನೇ ತಿಂಗಳಿಗೊಮ್ಮೆ ಅವಳ ಬಸ್ಸು ಹತ್ತಿ, ಕೊನೆಯ ಸ್ಟಾಪಿನ ತನಕ ಮಗಳ ಮುಖ ನೋಡಿಕೊಂಡು ಹೋಗಿಬರುತ್ತಿದ್ದಳು.

* * *

"ಕೊನೇ ಸಲ ನೋಡೋರು ಬನ್ನಿ" ಎಂದರು ಪಾದ್ರಿ.

ಅವಳು ಎದ್ದು ಹೋದಳು. ಕಣ್ಣಲ್ಲಿ ಒಂದು ಹನಿಯಿಲ್ಲ. ಕಳೆದ ತಿಂಗಳಿನ ಒಂದು ದಿನ ಮಾತ್ರ ನೆನಪಿನಿಂದ ಹೋಗಿರಲಿಲ್ಲ. ಸ್ಟಾಪಿನಲ್ಲಿ ಅಮ್ಮ ಕೈ ಎತ್ತಿದ್ದಳು. ಆ ದಿನ ಯಾವುದೋ ಸಿಟ್ಟಿನಲ್ಲಿ ಇವಳು ಮುಖ ತಿರುಗಿಸಿ ಡ್ರೈವರಿಗೆ ‘ರೈಟ್’ ಎಂದಿದ್ದಳು. ಬಸ್ಸು ನಿಲ್ಲಲಿಲ್ಲ. ಅದೇ ಕೊನೆ.

ಪಕ್ಕದಲ್ಲಿ ಅಣ್ಣ ಬಂದು ನಿಂತ. "ಕಳೆದ ತಿಂಗಳು ನಿನ್ನ ನೋಡೋಕಾಗ್ಲಿಲ್ಲ ಅಂತಿದ್ಲು. ‘ಪಾಪ, ಬಸ್ಸು ತುಂಬಿ ತುಳುಕ್ತಿತ್ತು, ಮಗು ಹೇಗೆ ನಿಲ್ಸುತ್ತೆ’ ಅಂದ್ಲು."

ಬಸ್ಸು ತುಂಬಿರಲಿಲ್ಲ. ಕಿಟಕಿಗಳಾಚೆಯ ಖಾಲಿ ಸೀಟುಗಳು ಅಮ್ಮನಿಗೆ ಕಾಣದಿರಲು ಸಾಧ್ಯವೇ ಇರಲಿಲ್ಲ.

ಅವಳು ಪೆಟ್ಟಿಗೆಯ ಅಂಚು ಹಿಡಿದು ನೆಲಕ್ಕೆ ಕೂತಳು. ಬೈಗುಳಕ್ಕೆ ಕಾದಳು. ಅಮ್ಮನಿಂದ ಇಲ್ಲದಿದ್ದರೆ ದೇವರಿಂದಾದರೂ ಬರಲೇಬೇಕಿತ್ತು. ಉಸಿರು ಬಿಗಿಹಿಡಿದು ಕಾದಳು. ಬರಲಿಲ್ಲ. ಅದರ ಬದಲು ಏನೋ ಅವಳನ್ನು ಮೆಲ್ಲಗೆ ಎಲ್ಲ ಕಡೆಯಿಂದ ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ನೋಡಿದರೂ ಬಿಡಲಿಲ್ಲ. ಆಗ ಅವಳು ಚಿಕ್ಕ ಮಗುವಿನ ಹಾಗೆ ಬಾಯಿಬಿಟ್ಟು ಅತ್ತಳು. ಪಾದ್ರಿ ಮುಚ್ಚಳ ಹಿಡಿದವರಿಗೆ ತಡೆಯಿರಿ ಎಂದು ಕೈಸನ್ನೆ ಮಾಡಿದರು.

ಸಮಾಧಿ ತೋಟದ ಗೇಟು ದಾಟಿದರೆ ಬರೀ ಜಲ್ಲಿಕಲ್ಲು. ಗಾಲಿಕುರ್ಚಿ ಅಲ್ಲೇ ಹೂತು ನಿಂತಿತು. ಮಣ್ಣು ಹಾಕಿದವರು ಕೈ ಕೊಡವಿಕೊಂಡು ಹಿಂದಿರುಗುತ್ತಿದ್ದರು. ಗುಂಪಿಗೆ ಎದುರಾಗಿ ಮಗಳು ಗೇಟಿನತ್ತ ನಡೆದಳು. ಅವಳು ಬರುವುದನ್ನು ಕಂಡು ಕುರ್ಚಿಯಲ್ಲಿದ್ದಾಕೆ ಹೆದರಿ ಕೂತಲ್ಲೇ ಮುದುಡಿದಳು.

"ನನ್ನ ಕತ್ತು ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದಳು ಮಗಳು.

"ಬೇಡ... ನಾನು ಭಾರ."

"ಗೊತ್ತು. ಹಿಡ್ಕೊಳ್ಳಿ."

ಎತ್ತಿಕೊಂಡು ನಡೆದಳು. ಎರಡು ಕಡೆ ಕಾಲು ಜಾರಿತು. ಅಣ್ಣ ಓಡಿಬಂದು ಆಸರೆ ಕೊಟ್ಟ. ಸಲಿಕೆ ಹಿಡಿದ ಆಳುಗಳು ಹಿಂದೆ ಸರಿದರು. ಗುಂಡಿಯ ಪಕ್ಕದ ಮಣ್ಣ ಗುಡ್ಡೆಯ ಮೇಲೆ ಆಕೆಯನ್ನು ಕೂರಿಸಿ, ತಾನೂ ಕೂತು, ಸೊಂಟ ಬಳಸಿ ಹಿಡಿದಳು. ಆಕೆಯ ಎಡಗೈ ಒಂದು ಹಿಡಿ ಮಣ್ಣು ಎತ್ತಿಕೊಂಡಿತು. ಆದರೆ ಗುಂಡಿಯ ಮೇಲೆ ಚಾಚಿದ ಮುಷ್ಟಿ ಬಿಚ್ಚಲೊಲ್ಲದು. ಮಗಳು ತನ್ನ ಬೆರಳುಗಳನ್ನು ಅದರೊಳಗೆ ತೂರಿಸಿ, ಅವಸರ ಮಾಡದೆ, ಒಂದೊಂದಾಗಿ ಬಿಡಿಸಿದಳು.