ಓರಿ ಬಂತು ದೊಡ್ಡವ್ವ

ಒಂದಾನೊಂದು ಊರಿನಲ್ಲಿ ಒಬ್ಬಳು ರಾಜಕುಮಾರಿ, ಅವಳ ಕೈಯಲ್ಲೊಂದು ಕಡಗ, ಆಪತ್ತು ಹತ್ತಿರ ಬಂದರೆ ಕಡಗ ತಾನೇ ಬಿಗಿಯುತ್ತಿತ್ತಂತೆ — ಮದ್ದೂರು ದಾಟಿದ ಬಸ್ಸಿನ ಕಿಟಕಿಯಾಚೆ ಕಬ್ಬಿನ ಸೂಲಂಗಿ ಹೂವು ಅಲ್ಲಾಡುವಾಗ ನಾಗಶ್ರೀಗೆ ಅಜ್ಜಿಯ ಕಥೆ ಅಜ್ಜಿಯ ದನಿಯಲ್ಲೇ ಕೇಳಿಸುತ್ತದೆ, ಆ ಅಜ್ಜಿಗೇ ಈಗ ನಾಲ್ಕು ವರ್ಷದಿಂದ ಏನೂ ಕೇಳಿಸುವುದಿಲ್ಲ, ಅದಕ್ಕೇ ತಾನೆ ಮಂಡ್ಯದ ಕಾಲೇಜಿನಲ್ಲಿ ಕೂತು ಕಡಗ ಮಾಡಹೊರಟದ್ದು, ಯಾರಾದರೂ ಬೆಂಕಿ, ಹಾವು, ಹೋರಿ ಅಂತ ಕೂಗಿದರೆ ಮಣಿಕಟ್ಟಿನ ಮೇಲೆ ಗುರ್ರೆಂದು ನಡುಗುವ ಬ್ಯಾಂಡು, ದೇವಿರಮ್ಮನ ಮೊಮ್ಮಗಳು ಕಿವೀನ ಕೈಗೆ ಕಟ್ಟವ್ಳೆ ಕಣ್ಲಾ ಅಂತ ಬೆಳಕವಾಡಿಯೆಲ್ಲ ಹೇಳಿಕೊಂಡು ನಕ್ಕಿತ್ತು, ಮೊದಲು ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದ ಅಜ್ಜಿ ಬ್ಯಾಂಡು ಕಟ್ಟಿಕೊಂಡ ಮೇಲೆ ತಿರುಗುವುದನ್ನೇ ಬಿಟ್ಟಳು, ಅಲ್ಲೇ, ಅಲ್ಲೇ ತಪ್ಪಿದ್ದು, ಹಗ್ಗ ಕಿತ್ತುಕೊಂಡ ಹೋರಿ ಹಿಂದಿನಿಂದ ಬರುತ್ತಿದೆ, ಹೋರಿಯ ಯಜಮಾನ ಚಿಕ್ಕಣ್ಣ ಗಂಟಲು ಹರಿಯುವಂತೆ ಕೂಗುತ್ತಾನೆ, ಓರಿ ಬಂತು ದೊಡ್ಡವ್ವ, ಓರಿ, ಪಕ್ಕುಕ್ ಬಾ, ಬ್ಯಾಂಡು ಸುಮ್ಮನಿದೆ, ಅಜ್ಜಿ ಸುಮ್ಮನೆ ನಡೆಯುತ್ತಿದ್ದಾಳೆ. ಬಲಗೈ ಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ಬ್ಯಾಂಡು ಎತ್ತಿಕೊಂಡಾಗ ಮುಕ್ಕಾಲು ಚಾರ್ಜು ತೋರಿಸುತ್ತಿತ್ತು, ನಾಗಶ್ರೀಯೇ ನೋಡಿದ್ದಳು, ನೋಡಿಯೂ — ಚಾರ್ಜಿಗೆ ಹಾಕೋದು ಮರೆತಿದ್ದೀಯ ಕಣಜ್ಜಿ ಅಂದಳು, ಅಂದ ಬಾಯಿ ಇದೇ, ಅಂದಿನಿಂದ ನೋಡಲು ಬಂದವರಿಗೆಲ್ಲ ಅಜ್ಜಿ, ನಂದೇ ತಪ್ಪು ಕಣವ್ವ, ಚಾರ್ಜಿಗ್ ಆಕದ್ ಮರ್ತ್‌ಬುಟ್ಟೆ, ಎಣ್ಮಗ ಪಾಪ ಎಷ್ಟ್ ಕಷ್ಟಬಿದ್ದಿತ್ತು, ಅನ್ನುತ್ತಾಳೆ. ಬ್ಯಾಂಡಿಗೆ ಮಾತು ಕಲಿಸಿದ್ದು ನಾಗಶ್ರೀಯ ದನಿ, ಹೋರಿ ಹೋರಿ ಹೋರಿ ಅಂತ ಇನ್ನೂರು ಸಲ, ವಾರ್ತೆ ಓದುವವರ ಹಾಗೆ, ಮೊದಲ ವರ್ಷ ಹಾಸ್ಟೆಲಿಗೆ ಆಸ್ಟ್ಲು ಅಂದಾಗ ರೂಮಿನ ಸಿಂಧು ನಕ್ಕಿದ್ದಳಲ್ಲ, ಆಸ್ಟ್ಲಂತೆ ನೋಡ್ರೇ, ಅವತ್ತಿನಿಂದ ಉಜ್ಜಿ ಉಜ್ಜಿ ಹಚ್ಚಿಕೊಂಡ ಹಕಾರ, ಊರಲ್ಲಿ ಯಾರ ಬಾಯಲ್ಲೂ ಇಲ್ಲದ್ದು, ಊರಿನವಳೇ ಆಗಿ ಅದು ತನಗೆ ಹೊಳೆಯಲಿಲ್ಲವೆ, ಹೊಳೆದೂ ನಾಚಿಕೆಯಾಯಿತೆ — ಇವತ್ತು ಹೇಳಿಯೇ ಬರುತ್ತೇನೆ ಅಂತ ಜೊತೆಯಲ್ಲಿ ಬ್ಯಾಂಡು ಮಾಡಿದ ಅಶೋಕನಿಗೆ ಮಾತು ಕೊಟ್ಟಿದ್ದಾಳೆ, ಹಿಂದಿನ ಎರಡು ಭಾನುವಾರವೂ ಕೊಟ್ಟಿದ್ದಳು, ಮಳವಳ್ಳಿ ಇಳಿಯೋರು ಮುಂದಕ್ ಬನ್ನಿ, ಮಳವಳ್ಳಿ, ಕಂಡಕ್ಟರ್ ಕೂಗುತ್ತಾನೆ, ಊರಿಗೆ ಇನ್ನು ಅರ್ಧ ಗಂಟೆಯೂ ಇಲ್ಲ.

ಅಜ್ಜಿ ಜಗುಲಿಯಲ್ಲಿದ್ದಾಳೆ, ಬಲಗೈಗೆ ಬಿಳಿ ಪಟ್ಟಿ, ಉಂಡ್ಯಾ ಮಗ, ನಾಗಶ್ರೀ ಎದುರಿಗೆ ಕೂರುತ್ತಾಳೆ, ತುಟಿ ನೋಡಿ ತಿಳಿಯುವ ಅಜ್ಜಿಗೆ ಮುಖ ತಿರುಗಿಸಿ ಹೇಳುವಂತಿಲ್ಲ, ತಲೆ ತಗ್ಗಿಸುವಂತಿಲ್ಲ, ನೀನು ಮರೆತಿರಲಿಲ್ಲ ಅಜ್ಜಿ, ಚಾರ್ಜಿತ್ತು, ನಾನು ಸುಳ್ಳು ಹೇಳಿದೆ, ಹೋರಿ ಅಂದ್ರೆ ಬ್ಯಾಂಡಿಗೆ ತಿಳಿಯುತ್ತೆ, ಓರಿ ಅಂದ್ರೆ ತಿಳಿಯಲ್ಲ, ನಾನು ಕಲಿಸಿರಲಿಲ್ಲ. ಹೇಳಿಯಾಯಿತು. ಅಜ್ಜಿ ಕಣ್ಣು ಕಿರಿದು ಮಾಡುತ್ತಾಳೆ, ಎರಡೂ ಒಂದೇಯ ಕಣ್ ಮಗ, ಇನ್ನೊಂದ್ ಕಿತ ಅನ್ನು. ತುಟಿಯ ಮೇಲೆ ಎರಡೂ ಒಂದೇ, ಹೌದು, ನಾಗಶ್ರೀ ಅಜ್ಜಿಯ ಎಡ ಅಂಗೈಯನ್ನು ತನ್ನ ಬಾಯಿಯ ಮುಂದೆ ಹಿಡಿದುಕೊಳ್ಳುತ್ತಾಳೆ, ಓರಿ — ಏನಿಲ್ಲ, ಹೋರಿ — ಬೆಚ್ಚಗೆ ಒಂದು ಉಸಿರು. ಇಷ್ಟ್ ಗಾಳಿಗಾ ಮಗ, ಅನ್ನುತ್ತಾಳೆ ಅಜ್ಜಿ, ಬೈಯುವುದಿಲ್ಲ, ನಗುವುದಿಲ್ಲ, ಅಂಗೈಯನ್ನೂ ತೆಗೆಯುವುದಿಲ್ಲ, ನಾಗಶ್ರೀ ಉಸಿರು ಬಿಟ್ಟರೆ ಅದಕ್ಕೇ ತಾಗುತ್ತದೆ, ಗೆರೆ ಗೆರೆಯ ಅಂಗೈ, ಬಾಯಿಯ ಮುಂದೆ ಹಾಗೇ ಇದೆ.